ಮೆಟ್ಟಿಲ ಕೆಳಗಿನ ಜಾಗ

ಹಿಲ್, ಪಿಟ್ಸ್‌ಬರ್ಗ್
ಜನವರಿ 9, 1956

ನೆಲಮಾಳಿಗೆ,

ನೀನು ಸತ್ತಿಲ್ಲ ಎಂದು ನಿನ್ನ ಅಕ್ಕ ಹೇಳಿದಳು. ಹಾಗಾದರೆ ಬರೆಯುವುದಕ್ಕೆ ಏನು ರೋಗ? ಕ್ರಿಸ್‌ಮಸ್‌ಗೂ ಒಂದು ಕಾರ್ಡಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಉಗಿದು ಬಂದವನು ನಾನು, ಕಾಗದ ಬರೆಯುತ್ತಿರುವವನೂ ನಾನು. ಹೈಸ್ಕೂಲು ಮುಗಿಸಿದ ದೊಡ್ಡ ಮನುಷ್ಯ ಥರ್ಮನ್ ಗೇಡ್ಸ್ ಜರ್ಮನಿಯಲ್ಲಿ ಟ್ಯಾಂಕು ಒರೆಸುತ್ತಾ ಕೂತಿದ್ದಾನೆ.

ಸುದ್ದಿ ಎರಡು. ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ರೆಕಾರ್ಡ್ ಅಂಗಡಿಯ ಲಾಜರೆಕ್ ಗೊತ್ತಲ್ಲ? ಮೊನ್ನೆ ನಮ್ಮ ಕಟ್ಟಡದ ಮುಂದೆ ಹೋಗುತ್ತಿದ್ದವನು ನಾವು ಮೆಟ್ಟಿಲ ಮೇಲೆ ಹಾಡುವುದನ್ನು ಕೇಳಿ ಒಳಗೆ ಬಂದ. ಟೋಪಿ ತೆಗೆಯಲಿಲ್ಲ, ಬೂಟಿನ ಹಿಮ ಕೊಡವಲಿಲ್ಲ, ಹಾಡು ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದ.

"ಏನೋ ನಿಮ್ಮ ಗುಂಪಿನ ಹೆಸರು?" ಅಂದ.

"ದಿ ಗ್ರ್ಯಾಕಲ್ಸ್."

"ಅದು ಕಸದ ಡಬ್ಬಿ ಮೇಲೆ ಕೂರೋ ಕರಿ ಹಕ್ಕಿ ಅಲ್ವಾ?"

"ಚೆಂದದ ಹಕ್ಕಿಗಳನ್ನೆಲ್ಲಾ ಬೇರೆ ಗುಂಪಿನೋರು ಹಿಡ್ಕೊಂಡ್ಬಿಟ್ರು ಸರ್," ಅಂದ ರೋಜೆಲ್, ಆ ಹೆಣ್ಣು ದನಿಯಲ್ಲೇ. ಲಾಜರೆಕ್ ನಕ್ಕ. ಆಮೇಲೆ ನನ್ನ ಮುಖ ನೋಡಿದ. "ಕೆಳಗಿನ ದನಿ ಎಲ್ಲಿ? ಮನೆಗೆ ತಳಪಾಯನೇ ಇಲ್ವಲ್ಲೋ."

ತಳಪಾಯ ಅಲ್ಲ, ನಮ್ಮ ನೆಲಮಾಳಿಗೆ, ಅದು ಜರ್ಮನಿಗೆ ಹೋಗಿದೆ, ಬರುತ್ತದೆ ಎಂದೆ. ಬಂದರೆ ರೆಕಾರ್ಡ್ ಮಾಡುತ್ತೇನೆ ಎಂದ. ಕೇಳಿದೆಯಾ? ನಿನ್ನ ಹಾಡು, "ಈ ಟ್ರಾಮ್ ಹೋಗ್ಲಿ ಬಿಡು", ಗ್ರಾಮಫೋನ್ ತಟ್ಟೆಯ ಮೇಲೆ!

ಕೆಟ್ಟ ಸುದ್ದಿ: ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ. ನಮ್ಮ ಹಿಲ್ ಬಡಾವಣೆಯ ಕೆಳಭಾಗ ಪೂರ್ತಿ ಕೆಡವುತ್ತಾರಂತೆ, ನಮ್ಮ ಬೀದಿಯ ಸರದಿ ಜೂನ್ ಒಂದಕ್ಕೆ. ಎರಡನೇ ಮಹಡಿಯಲ್ಲಿ ನಿಮ್ಮ ಹಳೆಯ ಮನೆಯ ಬಾಗಿಲಿಗೆ ಆಗಲೇ ಹಲಗೆ ಹೊಡೆದಾಯಿತು. ಅದಕ್ಕೇ ಬೇಗ ಬಾ. ಸೈನ್ಯದಲ್ಲಿ ರಜೆ ಕೊಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮೆಟ್ಟಿಲ ಕೆಳಗಿನ ನಿನ್ನ ಜಾಗದಲ್ಲಿ ನಾನು ಯಾರನ್ನೂ ನಿಲ್ಲಲು ಬಿಟ್ಟಿಲ್ಲ. ಡೂಲಿ ಒಂದು ದಿನ ಛತ್ರಿ ಇಟ್ಟಿದ್ದ. ಎತ್ತಿ ಬೀದಿಗೆಸೆದೆ.

ಕ್ಲೀಟಸ್


ಜರ್ಮನಿ
ಫೆಬ್ರವರಿ 3, 1956

ಬೆಂಕಿಪೊಟ್ಟಣವೇ,

ನಿನ್ನ ಕಾಗದ ಮುಟ್ಟಿದರೆ ಕೈ ಸುಡುತ್ತದೆ. ಡೂಲಿಗೆ ಒಂದು ಛತ್ರಿ ಕೊಡಿಸು, ಪಾಪ.

ಲಾಜರೆಕ್ ಮಾತು ಕೇಳಿ ನಿಜವಾಗಿಯೂ ಖುಷಿಯಾಯಿತು. ರಜೆಯ ವಿಷಯ ನನ್ನ ಕೈಯಲ್ಲಿಲ್ಲ, ನೋಡೋಣ. ಇಲ್ಲಿ ಚಳಿ ಎಂದರೆ ಹಲ್ಲು ಕೂಡ ಅಲ್ಲಾಡುತ್ತದೆ. ಊಟಕ್ಕೆ ಆಲೂಗಡ್ಡೆ, ಜೊತೆಗೆ ಆಲೂಗಡ್ಡೆ.

ಒಂದು ತಮಾಷೆ ಹೇಳುತ್ತೇನೆ. ನಮ್ಮ ಬ್ಯಾರಕ್ಕಿನ ಸ್ನಾನದ ಮನೆಗೆ ನೆಲದಿಂದ ಚಾವಣಿವರೆಗೆ ಬಿಳಿ ಟೈಲು. ಭಾನುವಾರ ಗಡ್ಡ ಕೆರೆಯುವ ಹೊತ್ತಿಗೆ ಅಲ್ಲಿ ಇಡೀ ಅಮೆರಿಕ ಹಾಡುತ್ತದೆ. ಯಾರು ಯಾವ ಊರಿನವನು ಎಂದು ಕಣ್ಣು ಮುಚ್ಚಿ ಹೇಳಬಹುದು. ನ್ಯೂಯಾರ್ಕಿನವನಿಗೆ ಸದಾ ಅವಸರ. ನೆಲದಡಿಯ ರೈಲು ಸ್ಟೇಷನ್ನಿನಲ್ಲಿ ಕಲಿತವನು, ಮುಂದಿನ ರೈಲು ಬಂದು ಬಾಯಿ ಮುಚ್ಚಿಸುವುದರೊಳಗೆ ಮುಗಿಸಬೇಕು. ಬಾಲ್ಟಿಮೋರಿನವನು ಮನೆ ಮುಂದಿನ ಕಲ್ಲು ಮೆಟ್ಟಿಲ ಮೇಲೆ ಕೂತು ಕಲಿತವನು. ಎಳೆದೂ ಎಳೆದೂ ಹಾಡುತ್ತಾನೆ, ಎದುರು ಮನೆಯ ಹುಡುಗಿ ಕಿಟಕಿ ಹಾಕುವವರೆಗೆ. ಷಿಕಾಗೋದ ಲೆಮೊಯ್ನ್ ಎಂಬವನ ಮನೆಯ ತಲೆಯ ಮೇಲೇ ರೈಲು ಓಡುತ್ತಿತ್ತಂತೆ. ಅವನಿಗೆ ಪಿಸುಗುಟ್ಟುವುದೇ ಗೊತ್ತಿಲ್ಲ, ಪ್ರಾರ್ಥನೆಯನ್ನೂ ಕೂಗಿ ಮಾಡುತ್ತಾನೆ.

ನಾನು ನಮ್ಮ ಟ್ರಾಮ್ ಹಾಡು ಹೇಳಿದೆ. ಲೆಮೊಯ್ನ್ ಸೋಪು ಹಿಡಿದುಕೊಂಡೇ ಕೇಳಿದ, "ಲೋ ಪಿಟ್ಸ್‌ಬರ್ಗು, ಮಧ್ಯ ಮಧ್ಯ ಯಾಕೋ ನಿಂತ್ಕೋತೀಯ? ಮರ್ತೋಗತ್ತಾ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಳದನಿಗೆ ಬೆತೆಲ್ ಚರ್ಚಿನ ವೆಂಡೆಲ್‌ನನ್ನು ಕರೆದುಕೋ. ಒಳ್ಳೆಯ ಹುಡುಗ. ಲಾಜರೆಕ್‌ನನ್ನು ಕಾಯಿಸಬೇಡ.

ಥರ್ಮನ್


ಹಿಲ್
ಫೆಬ್ರವರಿ 26, 1956

ಥರ್ಮನ್,

ಓಹೋ. ಸ್ನಾನದ ಮನೆಯಲ್ಲಿ ಹೊಸ ಗುಂಪು. ಸೋಪು ಹಿಡಿದ ಷಿಕಾಗೋದವನು. ನಮ್ಮ ಹಾಡನ್ನು ಅವನ ಮುಂದೆ ಹಾಡಿದೆ, ಅವನು ನಕ್ಕ, ನೀನೂ ನಕ್ಕೆ. ನಾನಾಗಿದ್ದರೆ ಆ ಸೋಪನ್ನೇ ಅವನ ಬಾಯಿಗೆ ತುರುಕುತ್ತಿದ್ದೆ.

ವೆಂಡೆಲ್‌ನನ್ನು ಕರೆಸಿದೆ. ನೀನು ಹೇಳಿದ್ದಕ್ಕಲ್ಲ, ಲಾಜರೆಕ್ ಬಡಿದುಕೊಂಡಿದ್ದಕ್ಕೆ. ಅವನು ಕುತ್ತಿಗೆಗೆ ಟೈ ಕಟ್ಟಿಕೊಂಡು ಬಂದ! ಮೆಟ್ಟಿಲಿಗೆ! ಸ್ವರ ಬರೆದ ಹಾಳೆ ಎಲ್ಲಿ ಎಂದು ಕೇಳಿದ. "ಹಾಳೆ ಇಲ್ಲ ಕಣೋ, ಗೋಡೆ ಇದೆ, ಕೇಳಿಸ್ಕೋ," ಎಂದೆ. ಸೀದಾ ಹೋಗಿ ನಿನ್ನ ಜಾಗದಲ್ಲಿ ನಿಂತ. ನಾನು ತಳ್ಳಿದೆ. ಅವನ ಹಣೆ ಮೆಟ್ಟಿಲಿಗೆ ತಾಗಿ ಬುಗುಟೆ ಬಂತು. ಅತ್ತಿಲ್ಲ. ಟೈ ಸರಿಮಾಡಿಕೊಂಡು, "ಮತ್ತೆ ಎಲ್ಲಿ ನಿಂತ್ಕೋಬೇಕು, ಅದನ್ನಾದ್ರೂ ಹೇಳು," ಅಂದ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಾಗಿಲ ಹತ್ತಿರ ನಿಲ್ಲಿಸಿದೆ. ಅವನ ದನಿಯ ಬಗ್ಗೆ ಕೇಳಬೇಡ.

ಕಳೆದ ಶನಿವಾರ ಲಾಜರೆಕ್ ನಮ್ಮನ್ನು ಪೇಟೆಯ ರೆಕಾರ್ಡಿಂಗ್ ಕೋಣೆಗೆ ಕರೆದುಕೊಂಡು ಹೋದ. ಗೋಡೆಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಜಮಖಾನೆ. ಬಾಯಿ ಬಿಟ್ಟರೆ ದನಿ ತುಟಿಯ ಹತ್ತಿರವೇ ಬಿದ್ದು ಸಾಯುತ್ತದೆ. ದಿಂಬಿನೊಳಗೆ ಹಾಡಿದ ಹಾಗೆ. "ಈ ಟ್ರಾಮ್ ಹೋಗ್ಲಿ ಬಿಡು" ಎಂದು ನಾನು ಹಾಡಿ ನಿಲ್ಲಿಸಿದೆ. ರೋಜೆಲ್ ನಿಲ್ಲಿಸಿದ, ಡೂಲಿ ನಿಲ್ಲಿಸಿದ, ನಮ್ಮನ್ನು ನೋಡಿ ವೆಂಡೆಲ್ ಕೂಡ ನಿಲ್ಲಿಸಿದ. ನಾವು ಕಾಯುತ್ತಾ ನಿಂತೆವು. ಏನೂ ಬರಲಿಲ್ಲ.

ಯಂತ್ರದವನು ಗಾಜಿನ ಹಿಂದಿನಿಂದ ಕೂಗಿದ. "ಯಾರೋ ಅದು, ತನ್ನ ಸಾಲು ಮರ್ತೋನು?"

"ಯಾರೂ ಮರ್ತಿಲ್ಲ," ಎಂದೆ.

"ಮತ್ತೆ ಇಲ್ಲೊಂದು ದೊಡ್ಡ ತೂತು ಇದ್ಯಲ್ಲಪ್ಪ? ಇದು ಯಾರ ಸಾಲು?"

"ನಮ್ಮ ಕಟ್ಟಡದ್ದು."

ಆ ಬೋಳಿಮಗ ನಕ್ಕ ನಗು ನಿನಗೆ ಕೇಳಿಸಬೇಕಿತ್ತು. ನನಗೆ ಆಗಲೇ ಹೊಳೆದಿದ್ದು: ನಾವು ಇಷ್ಟು ವರ್ಷ ನಾಲ್ಕು ಜನ ಹಾಡುತ್ತಿರಲಿಲ್ಲ, ಐದು. "ಬಿಡು" ಎಂದರೆ ಮೂರನೇ ಮಹಡಿಯವರೆಗೆ ಹೋಗಿ "ಬಿಡು" ಎಂದು ವಾಪಸು ಬರುತ್ತಿತ್ತಲ್ಲ, ಅದಕ್ಕೆ ಜಾಗ ಬಿಟ್ಟು ಬಿಟ್ಟು ನಮಗೆ ಅದು ಬಿಟ್ಟ ಜಾಗ ಎಂದೇ ಗೊತ್ತಿರಲಿಲ್ಲ. ಕಾಯದೆ ಹಾಡಿ ಎಂದ ಲಾಜರೆಕ್. ಮತ್ತೆ ಮತ್ತೆ ಪ್ರಯತ್ನಿಸಿದೆವು. ಕಾಲು ತಾನಾಗಿ ನಿಲ್ಲುತ್ತದೆ, ಉಸಿರು ತಾನಾಗಿ ನಿಲ್ಲುತ್ತದೆ. ಕೊನೆಗೆ ಯಂತ್ರದವನು ದೀಪ ಆರಿಸಿದ.

ನೀನಿದ್ದಿದ್ದರೆ ಆ ತೂತನ್ನು ತುಂಬುತ್ತಿದ್ದೆ. ನೀನಿಲ್ಲ. ಅಷ್ಟೇ.

ಕ್ಲೀಟಸ್


ಜರ್ಮನಿ
ಮಾರ್ಚ್ 30, 1956

ಕ್ಲೀಟ್,

ತಡವಾಯಿತು. ಕಸರತ್ತು, ಕೆಸರು, ಅದೂ ಇದೂ.

ನೀನು ಬೈದದ್ದೆಲ್ಲ ಸರಿ. ಈಗ ಒಂದು ಮಾತು ಕೇಳು. ಹಾಡನ್ನು ಆ ಕೋಣೆಗೆ ಒಯ್ಯಲು ಆಗದಿದ್ದರೆ ಯಂತ್ರವನ್ನು ಹಾಡಿನ ಹತ್ತಿರ ತನ್ನಿ. ಇಲ್ಲಿ ಸೈನ್ಯದ ರೇಡಿಯೋದವರು ಟೇಪಿನ ಯಂತ್ರವನ್ನು ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ತಿರುಗುತ್ತಾರೆ. ಲಾಜರೆಕ್‌ಗೆ ಅಂಥದೊಂದು ಸಿಕ್ಕೇ ಸಿಗುತ್ತದೆ. ಮೈಕನ್ನು ಎರಡನೇ ಮಹಡಿಯ ಕಟಕಟೆಗೆ ಕಟ್ಟಿ, ಕೆಳಗಲ್ಲ. ಮೊದಲ ತಿರುವಿನಲ್ಲಿ ರೋಜೆಲ್. ನೀನು ಎಂದಿನಂತೆ ಮೂರನೇ ಮೆಟ್ಟಿಲು.

ಕೆಳಗೆ ವೆಂಡೆಲ್ ನಿಲ್ಲಲಿ. ಅವನು ಚೆನ್ನಾಗಿ ಹಾಡುತ್ತಾನೆ ಎಂದು ನನಗೆ ಗೊತ್ತು. ನಿನಗೂ ಗೊತ್ತು. "ಕೇಳಬೇಡ" ಎಂದು ನೀನು ಬರೆದಾಗಲೇ ಗೊತ್ತಾಯಿತು. ಹಣೆಗೆ ಏನಾದರೂ ಹಚ್ಚಿದೆಯೋ ಇಲ್ಲವೋ?

ಥರ್ಮನ್


ಹಿಲ್
ಏಪ್ರಿಲ್ 22, 1956

ನೆಲಮಾಳಿಗೆ,

ನಿನ್ನ ತಲೆಗೆ ಮುತ್ತಿಡಬೇಕು! ಲಾಜರೆಕ್ ಮೊದಲು "ನಾಯಿ ಬೊಗಳೋ ಜಾಗದಲ್ಲಾ?" ಎಂದ. ಆಮೇಲೆ ಒಬ್ಬನೇ ಬಂದು ಮೆಟ್ಟಿಲ ಮೇಲೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ ಕೇಳಿದ. ಯಂತ್ರ ತರುತ್ತಾನೆ. ಮೇ ಹತ್ತೊಂಬತ್ತು, ಶನಿವಾರ.

ಆದರೆ ಕಟ್ಟಡದಲ್ಲಿ ಕರೆಂಟಿಲ್ಲ. ಖಾಲಿಯಾದ ಮನೆಗಳದ್ದೆಲ್ಲ ಕತ್ತರಿಸಿದ್ದಾರೆ, ನಾನೂ ಚಿಕ್ಕಮ್ಮನೂ ಸೀಮೆಎಣ್ಣೆ ದೀಪದಲ್ಲಿದ್ದೇವೆ. ಉಳಿದಿರುವುದು ಮೂರನೇ ಮಹಡಿಯ ಮಿಸ್ ಟಿಬ್ಸ್ ಮನೆಯಲ್ಲಿ ಮಾತ್ರ. ಹೌದು, ನಮ್ಮ ತಲೆಯ ಮೇಲೆ ಪಾತ್ರೆ ತೊಳೆದ ನೀರು ಸುರಿಯುವ ಅದೇ ಮಿಸ್ ಟಿಬ್ಸ್. ಹೋಗಿ ಬಾಗಿಲು ತಟ್ಟಿದೆ. ಸರಪಳಿ ತೆಗೆಯದೆ ಒಂದು ಕಣ್ಣು ತೋರಿಸಿದಳು.

"ಇಷ್ಟು ವರ್ಷ ನಿಮ್ಮ ಊಳು ಕೇಳಿದೀನಿ. ಈಗ ನನ್ನ ಕರೆಂಟು ಬೇರೆ ಬೇಕಾ ನಿಂಗೆ?"

"ಒಂದೇ ಮಧ್ಯಾಹ್ನ, ಮಿಸ್ ಟಿಬ್ಸ್. ಇಲ್ಲಿಂದ ಒಂದು ವೈರು ಇಳಿಬಿಡ್ತೀವಿ ಅಷ್ಟೇ."

"ಅವತ್ತು ನನ್ನನ್ನ ಮುದಿ ಕಾಗೆ ಅಂದೋನು ನೀನೇ ಅಲ್ವಾ?"

"ಡೂಲಿ ಅಂದಿದ್ದು." ನಾನೇ ಅಂದಿದ್ದು.

ಆಮೇಲೆ, "ಆ ದಪ್ಪ ದನಿ ಹುಡುಗ ಬರ್ತಾನಾ? ಇರ್ಮಾ ಗೇಡ್ಸ್ ಮಗ?" ಅಂದಳು.

"ಬರ್ತಾನೆ."

"ಬಂದ್ರೆ ತೊಗೋ. ಅವನು ಬರ್ಲಿಲ್ಲ ಅಂದ್ರೆ ವೈರು ಕಿತ್ತು ನಿನ್ ಕುತ್ತಿಗೆಗೇ ಸುತ್ತೀನಿ."

ಅರ್ಥವಾಯಿತಾ? ನೀನು ಬಂದರೆ ಕರೆಂಟು, ಕರೆಂಟಿದ್ದರೆ ರೆಕಾರ್ಡು. ಅದಾದ ಮೇಲೆ ಎರಡು ವಾರದೊಳಗೆ ಕಟ್ಟಡವೇ ಇರುವುದಿಲ್ಲ. ವೆಂಡೆಲ್ ಬಾಗಿಲ ಹತ್ತಿರ ನಿಂತು ಅಭ್ಯಾಸ ಮಾಡುತ್ತಿದ್ದಾನೆ, ನೀನು ಬರುವವರೆಗೆ ಮಾತ್ರ ಎಂದು ಹೇಳಿಟ್ಟಿದ್ದೇನೆ.

ನಿನ್ನ ಕೈಯಲ್ಲಿ ಏನೂ ಆಗುವುದಿಲ್ಲ ಎಂದು ಗೊತ್ತಾಯಿತು. ಅದಕ್ಕೆ ನಾನೇ ನಿನ್ನ ಕ್ಯಾಪ್ಟನ್ನನಿಗೆ ಕಾಗದ ಬರೆದು ಹಾಕಿದ್ದೇನೆ. ಥರ್ಮನ್ ಗೇಡ್ಸ್‌ಗೆ ಮೇ ತಿಂಗಳಲ್ಲಿ ರಜೆ ಕೊಡಿ, ಇಲ್ಲದಿದ್ದರೆ ಒಂದು ದೊಡ್ಡ ಅನ್ಯಾಯ ಆಗುತ್ತದೆ, ನಿಮಗೆ ಹೃದಯ ಇದೆಯೋ ಇಲ್ಲವೋ ಎಂದು ಕೇಳಿದ್ದೇನೆ. ಚಿಕ್ಕಮ್ಮ ಓದಿ "ಇದೊಂದು ಬೈಗಳ ಹೊಡೆದುಹಾಕು" ಎಂದಳು. ಹೊಡೆದುಹಾಕಿದೆ.

ಕ್ಲೀಟಸ್


ಜರ್ಮನಿ
ಮೇ 8, 1956

ಕ್ಲೀಟಸ್,

ಕ್ಯಾಪ್ಟನ್ ಕರೆಸಿದ. ನಿನ್ನ ಕಾಗದ ಮೇಜಿನ ಮೇಲಿತ್ತು. "ಗೇಡ್ಸ್, ಈ ಹುಡುಗನಿಗೆ ನೀನು ಏನೂ ಹೇಳಿಲ್ವಾ?" ಅಂದ. ಹೇಳಿಲ್ಲ ಎಂದೆ. "ಹೇಳು" ಅಂದ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಬರುವುದಿಲ್ಲ. ಡಿಸೆಂಬರಿನಲ್ಲೇ ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿದೆ. ನಿನ್ನ ಮೊದಲ ಕಾಗದ ಬರುವುದಕ್ಕೂ ಮುಂಚೆ. ಮಾರ್ಚಿನಲ್ಲಿ ರಜೆ ಸಿಕ್ಕಿತ್ತು. ಊರಿಗೆ ಬರಬಹುದಿತ್ತು. ಮ್ಯೂನಿಕ್‌ಗೆ ಹೋದೆ. ಸುಮ್ಮನೆ ಬೀದಿ ಸುತ್ತಿದೆ.

ಯಾಕೆ ಎಂದು ನೀನು ಕೂಗುವುದು ಇಲ್ಲಿಗೇ ಕೇಳಿಸುತ್ತಿದೆ. ಹೇಳುತ್ತೇನೆ, ಬಾಯಿ ಮುಚ್ಚಿಕೊಂಡು ಓದು.

ಆ ಮೆಟ್ಟಿಲಲ್ಲಿ ನಿನಗೆ ನಿನ್ನ ದನಿ ವಾಪಸು ಬರುವುದು ಕೇಳಿಸುತ್ತಿತ್ತು. ನನಗೆ ಅಮ್ಮ ಕೆಮ್ಮುವುದು ಕೇಳಿಸುತ್ತಿತ್ತು. ಎರಡನೇ ಮಹಡಿಯಲ್ಲಿ ಅವಳು ಕೆಮ್ಮಿದರೆ ಅದು ಮೂರನೆಯದಕ್ಕೆ ಹತ್ತಿ, ಕೆಳಗಿಳಿದು, ಮೆಟ್ಟಿಲ ಕೆಳಗೆ ನನ್ನ ಕಿವಿಯೊಳಗೆ ಬಂದು ನಿಲ್ಲುತ್ತಿತ್ತು. ಗೋಡೆಯ ತೇವಕ್ಕೆ ಬಂದ ಕೆಮ್ಮು, ಆ ಗೋಡೆಯೇ ಅದನ್ನು ಹಾಡಿ ತೋರಿಸುತ್ತಿತ್ತು. ಎರಡು ಚಳಿಗಾಲ. ನೀವು ಹಾಡು ನಿಲ್ಲಿಸಿ ಕಾಯುತ್ತಿದ್ದಿರಲ್ಲ, ನಾನು ಆ ಜಾಗದಲ್ಲಿ ಜೋರಾಗಿ ಬೂಮ್ ಬೂಮ್ ಎಂದು ತುಂಬುತ್ತಿದ್ದೆನಲ್ಲ, ನೀನು ಬೆನ್ನು ತಟ್ಟಿ "ಅದೇ ಥರ್ಮನ್, ಅದೇ" ಎನ್ನುತ್ತಿದ್ದೆ. ಅದು ಕೇಳಿಸದಿರಲಿ ಎಂದು ತುಂಬುತ್ತಿದ್ದೆ, ಮಾರಾಯ.

ಲೆಮೊಯ್ನ್ "ಮರ್ತೋಗತ್ತಾ" ಎಂದಾಗ ಮೊದಲ ಸಲ ಗೊತ್ತಾಯಿತು. ಬಿಳಿ ಟೈಲಿನ ಈ ಕೋಣೆಯಲ್ಲಿ ನಿಂತೆ, ಕಾದೆ, ಬಂದಿದ್ದು ನನ್ನ ದನಿ ಮಾತ್ರ. ಕೆಮ್ಮು ಬರಲಿಲ್ಲ, ತುಂಬಬೇಕಾಗಿಯೂ ಬರಲಿಲ್ಲ.

ಆ ಕಟ್ಟಡ ಬೀಳಲಿ. ಊರಿನಲ್ಲಿದ್ದಿದ್ದರೆ ನಾನೇ ಹಾರೆ ಹಿಡಿಯುತ್ತಿದ್ದೆ. ನನ್ನ ಜಾಗ ಕಾಯಬೇಡ. ನನಗದು ಬೇಡ. ಮೊದಲೇ ಹೇಳಬೇಕಿತ್ತು. ಹೇಳಿದರೆ ನೀನು ಹಾಡುವುದನ್ನೇ ಬಿಡುತ್ತೀಯ ಎಂದು ಹೆದರಿದೆ.

ಥರ್ಮನ್


ಹಿಲ್
ಮೇ 22, 1956

ಥರ್ಮನ್,

ನಿನ್ನ ಕಾಗದ ಶುಕ್ರವಾರ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು ಲಾಂಡ್ರಿಗೆ ಕೆಲಸಕ್ಕೆ ಹೋದೆ. ಇಸ್ತ್ರಿ ಯಂತ್ರದ ಹತ್ತಿರ ನಿಂತು ಓದಿದೆ. ಒಂದು ಇಡೀ ಹೋಟೆಲ್ಲಿನ ಚಾದರಗಳು ಸುಟ್ಟವು. ಕೆಲಸ ಹೋಯಿತು.

ನೀನು ಸುಳ್ಳ. ಜನವರಿಯಿಂದ ನಾನು ನಿನಗಾಗಿ ಊರೆಲ್ಲ ಜಗಳ ಕಾದೆ. ಒಬ್ಬನ ಹಣೆ ಒಡೆದೆ. ನೀನು ಮ್ಯೂನಿಕ್ಕಿನಲ್ಲಿ ಬೀದಿ ಸುತ್ತಿದೆ. ನಾನು ಇದನ್ನು ಕ್ಷಮಿಸಿಲ್ಲ, ಗೊತ್ತಿರಲಿ.

ಶನಿವಾರ ಮಧ್ಯಾಹ್ನ ಲಾಜರೆಕ್ ಯಂತ್ರ ಹೊತ್ತುಕೊಂಡು ಬಂದ. ನಾನು ಮೊದಲು ಮೂರನೇ ಮಹಡಿಗೆ ಹತ್ತಿದೆ. ಮಿಸ್ ಟಿಬ್ಸ್ ಒಳ್ಳೆಯ ಟೋಪಿ ಹಾಕಿಕೊಂಡು, ವೈರಿನ ತುದಿ ಕೈಯಲ್ಲಿ ಹಿಡಿದು ಕೂತಿದ್ದಳು.

"ಅವನು ಬರಲ್ಲ," ಎಂದೆ. "ನಾನು ಸುಳ್ಳು ಹೇಳ್ದೆ. ಅಂದ್ರೆ, ಅವತ್ತು ಸುಳ್ಳು ಅಂತ ಗೊತ್ತಿರ್ಲಿಲ್ಲ."

"ಬರಲ್ಲ ಅಂತ ನಂಗೆ ಗೊತ್ತಿತ್ತು ಕಣೋ. ಇರ್ಮಾನ ಹೆಣದ ಪೆಟ್ಟಿಗೆ ಈ ಮೆಟ್ಟಿಲು ಇಳಿಸ್ವಾಗ ಅವನ ಮುಖ ನಾನು ನೋಡ್ದೆ. ನೀನು ನೋಡ್ಲಿಲ್ಲ. ಕಣ್ಣು ಮುಚ್ಕೊಂಡು ಸ್ತೋತ್ರ ಹಾಡ್ತಿದ್ದೆ."

"ಗೊತ್ತಿದ್ರೂ ಯಾಕೆ ಒಪ್ಕೊಂಡ್ರಿ?"

"ಯಾರಾದ್ರೂ ಬಾಗಿಲು ತಟ್ಟಿ ಎಷ್ಟು ದಿನ ಆಗಿತ್ತು," ಎಂದು ವೈರನ್ನು ತಾನೇ ಗೋಡೆಗೆ ಸಿಕ್ಕಿಸಿದಳು. "ಹೋಗು. ಮುದಿ ಕಾಗೆ ಅಂದಿದ್ದೂ ನೀನೇ ಅಂತ ಗೊತ್ತು, ಹೋಗು."

ಕೆಳಗೆ ಬಂದು ವೆಂಡೆಲ್‌ಗೆ ನಿನ್ನ ಜಾಗ ತೋರಿಸಿದೆ. ಅವನು ಅಲ್ಲಾಡಲಿಲ್ಲ.

"ನಾನು ಅಲ್ಲಿ ನಿಲ್ಲಲ್ಲ. ಅದು ಥರ್ಮನ್ ಜಾಗ, ಕಾಲಿಟ್ರೆ ಮುರೀತೀನಿ ಅಂತ ನೀನೇ ಅಂದಿದ್ಯಲ್ಲ."

"ಅದು ಈಗ ಯಾರ ಜಾಗನೂ ಅಲ್ಲ. ಇಲ್ಲಿ ಬಾ. ನನ್ನ ಪಕ್ಕ, ಮೆಟ್ಟಿಲ ಮೇಲೆ ನಿಲ್ಲು. ದಯವಿಟ್ಟು."

ಡೂಲಿ ಬಾಯಿಗೆ ಕೈ ಇಟ್ಟುಕೊಂಡ. "ಏನಂದೆ? ಲಾಜರೆಕ್ ಸರ್, ಮಷೀನು ಹಾಕಿ, ಕ್ಲೀಟಸ್ ದಯವಿಟ್ಟು ಅಂದ! ಇದನ್ನೇ ರೆಕಾರ್ಡ್ ಮಾಡಿ, ಲಕ್ಷ ಮಾರತ್ತೆ!"

ವೆಂಡೆಲ್ ಬಂದು ನಿಂತ. ಭುಜಕ್ಕೆ ಭುಜ ತಾಗುತ್ತಿತ್ತು. ಅವನ ಕೆಳದನಿ ನನ್ನ ಪಕ್ಕೆಲುಬಿನಲ್ಲಿ ಗೊತ್ತಾಗುತ್ತಿತ್ತು. ನಿನ್ನ ದನಿ ಯಾವತ್ತೂ ಹಾಗೆ ತಾಗಿರಲಿಲ್ಲ, ನೀನು ಅಷ್ಟು ದೂರ ನಿಲ್ಲುತ್ತಿದ್ದೆ.

ಹಾಡಿದೆವು. ಏನು ಹೇಳಲಿ, ಥರ್ಮನ್? ಅಂಥದ್ದು ನಾವು ಯಾವತ್ತೂ ಹಾಡಿಲ್ಲ. ರೋಜೆಲ್‌ನ ದನಿ ಚಾವಣಿ ದಾಟಿ ಹೋಯಿತು. "ಬಿಡು" ಎಂದೆ. ನಿಲ್ಲಿಸಿದೆವು. ಕಟ್ಟಡ "ಬಿಡು" ಎಂದಿತು, ಖಾಲಿ ಮನೆಗಳಿಂದ, ಹಿಂದೆಂದಿಗಿಂತ ಜೋರಾಗಿ, ಎರಡೆರಡು ಸಲ. ಆ ಕೊನೆಯ "ಬಿಡು" ಇಳಿದು ಬರುವಾಗ, ಅದರ ಹಿಂದೆಯೇ ಮೇಲಿನಿಂದ ಮಿಸ್ ಟಿಬ್ಸ್ ಕೆಮ್ಮಿದಳು. ಒಂದೇ ಸಲ. ಅದೂ ತಾಳಕ್ಕೆ ಸರಿಯಾಗಿ. ಕೆಮ್ಮು ಕೆಳಗಿಳಿದು, ಖಾಲಿ ಇದ್ದ ಆ ಮೆಟ್ಟಿಲ ಕೆಳಗೆ ಹೋಗಿ ನಿಂತಿತು. ನಾನು ಮೂರನೇ ಮೆಟ್ಟಿಲ ಮೇಲೆ ನಿಂತು ಅದನ್ನು ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಹಾಡು ಮುಗಿದ ಕೂಡಲೇ ಲಾಜರೆಕ್ ಟೋಪಿ ತೆಗೆದ. ಅವನ ತಲೆಯಲ್ಲಿ ಕೂದಲಿಲ್ಲ ಎಂದು ಅವತ್ತು ಗೊತ್ತಾಯಿತು. "ಆಯ್ತು ಕಣ್ರೋ, ಆಯ್ತು! ಆ ಕೆಮ್ಮೂ ಇರ್ಲಿ. ಅದೇ ಜೀವ. ಜನಕ್ಕೆ ಮನೆ ಕಣ್ಮುಂದೆ ಬರತ್ತೆ."

"ಕೆಮ್ಮು ಬೇಡ," ಎಂದೆ. "ಇನ್ನೊಂದ್ ಸಲ."

"ಹುಚ್ಚಾ ನಿಂಗೆ? ನನ್ ಹತ್ರ ಇರೋದೊಂದೇ ಟೇಪು. ಇದರ ಮೇಲೇ ಹಾಕ್ಬೇಕು. ಇದು ಅಳಿಸಿಹೋಗತ್ತೆ."

"ಅಳಿಸಿ."

ರೋಜೆಲ್ ಬೈದ. ಡೂಲಿ ಬೈದ. ವೆಂಡೆಲ್ ಕೂಡ ಬಾಯಿ ಬಿಟ್ಟ, "ಯಾಕೆ ಅಂತಾದ್ರೂ ಹೇಳು." ನಾನು ಹೇಳಲಿಲ್ಲ. ಅಳಿಸದಿದ್ದರೆ ಯಂತ್ರವನ್ನು ಮೆಟ್ಟಿಲ ಮೇಲಿನಿಂದ ಉರುಳಿಸುತ್ತೇನೆ ಎಂದೆ. ನಾನು ಉರುಳಿಸುವವನೇ ಎಂದು ಎಲ್ಲರಿಗೂ ಗೊತ್ತು.

ಎರಡನೆಯದು ಅಷ್ಟು ಚೆನ್ನಾಗಿ ಬರಲಿಲ್ಲ. ಎಲ್ಲರಿಗೂ ನನ್ನ ಮೇಲೆ ಸಿಟ್ಟು. ರೋಜೆಲ್‌ನ ದನಿ ಮೇಲೆ ಒಡೆಯಿತು, ನಾನು ಒಂದು ಕಡೆ ಸಾಲನ್ನು ಬೇಗ ಎತ್ತಿಕೊಂಡೆ. ಆದರೆ "ಬಿಡು" ಬಂತು, ಅದರ ಹಿಂದೆ ಏನೂ ಇಲ್ಲ. ಶುದ್ಧ. ಜುಲೈನಲ್ಲಿ ತಟ್ಟೆಯಾಗಿ ಬರುವುದು ಅದೇ. ಮೊದಲನೆಯದು ಇನ್ನು ಯಾರಿಗೂ ಕೇಳಿಸುವುದಿಲ್ಲ.

ನಿನಗೆ ತಟ್ಟೆ ಕಳಿಸುವುದಿಲ್ಲ. ಜರ್ಮನಿಯಲ್ಲಿ ಸಿಕ್ಕರೆ ಬೇರೆಯವರ ಹಾಗೆ ಕೊಂಡುಕೋ. ಆ ಷಿಕಾಗೋದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ನಾವು ನಿಲ್ಲಿಸುವ ಜಾಗ ಬಂದಾಗ ಹೆದರಬೇಡ.

ಈ ವಿಳಾಸಕ್ಕೆ ಬರೆಯಬೇಡ. ಮುಂದಿನ ವಾರ ಇಲ್ಲಿ ಬಾಗಿಲೇ ಇರುವುದಿಲ್ಲ. ಚಿಕ್ಕಮ್ಮ ಎಲ್ಲೋ ಮನೆ ನೋಡಿದ್ದಾಳೆ. ಹೊಸ ವಿಳಾಸ ನಿನಗೆ ಕೊಡಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಕ್ಲೀಟಸ್